ಬರಹದೊಳಗೆ ಹಾಕುವ ಫೋಟೋ ಯಾರ ಮನೆಯಲ್ಲಿರಬೇಕು?

ಕಾಪು ಹತ್ತಿರ ಹೆದ್ದಾರಿ ಬದಿಯಲ್ಲಿ ಒಂದು ಹಳೇ ಮನೆ ಇತ್ತು. ಅದರ ಮಾಡಿನ ಹಂಚುಗಳ ಬಗ್ಗೆ 2011ರಲ್ಲಿ ನಾನು ಅಂತರ್ಜಾಲದಲ್ಲಿ ಬರೆದಿದ್ದೆ. ಹಂಚಿನ ಒಳಮೈಯಲ್ಲಿರುವ ಅಚ್ಚು ಓದಿ, ಅದು ಯಾವ ಕಾರ್ಖಾನೆಯಲ್ಲಿ ಬೆಂದು ಬಂದದ್ದು ಎಂದು ಹುಡುಕುವ ಗೀಳು ನನಗೆ ಆಗಲೇ ಅಂಟಿತ್ತು. ಬರಹದ ಜೊತೆ ಎಂಟು ಫೋಟೋ ಹಾಕಿದ್ದೆ. ಮುಂದೆ ರಸ್ತೆ ಅಗಲವಾಯಿತು, ಮನೆ ಹೋಯಿತು. ಅದಾಗಿ ಕೆಲವು ವರ್ಷಕ್ಕೆ ಫೋಟೋಗಳೂ ಹೋದವು.

ಬರಹ ಈಗಲೂ ಇದೆ. "ಕೆಳಗಿನ ಚಿತ್ರದಲ್ಲಿ ಎಡತುದಿಯ ಅಕ್ಷರ ಗಮನಿಸಿ" ಎಂಬ ಸಾಲೂ ಇದೆ. ಅದರ ಕೆಳಗೆ ಒಂದು ಬೂದು ಚೌಕ, ಮೂಲೆಯಲ್ಲಿ ಹರಿದ ಕಾಗದದಂಥ ಗುರುತು. ಅಷ್ಟೇ. ಫೋಟೋ ಇಟ್ಟಿದ್ದ ಉಚಿತ ತಾಣ ಮುಚ್ಚಿಹೋಗಿತ್ತು. ಕ್ಯಾಮೆರಾದ ಕಾರ್ಡನ್ನು ನಾನು ಅಳಿಸಿ ಮತ್ತೆ ಬಳಸಿದ್ದೆ. ಅಲ್ಲಿ ಇದೆಯಲ್ಲ ಎಂಬ ಧೈರ್ಯ.

ಬರಹದ ಮಧ್ಯೆ ಫೋಟೋ ಹಾಕಲು ಯಾವ ದಾರಿ ಒಳ್ಳೆಯದು ಎಂದು ಈಗ ಯಾರಾದರೂ ಕೇಳಿದರೆ, ನಾನು ಸುಲಭದ ದಾರಿಯಿಂದ ಶುರು ಮಾಡುವುದಿಲ್ಲ. ಮೊದಲು ಕೇಳುವುದು ಒಂದೇ: ಫೈಲು ಯಾರ ಹತ್ತಿರ ಇರುತ್ತದೆ, ಎಷ್ಟು ಕಾಲ ಇರುತ್ತದೆ? ಉಳಿದ ಲೆಕ್ಕವೆಲ್ಲ ಆಮೇಲೆ.

ಪುಟದಲ್ಲಿ ಇರುವುದು ವಿಳಾಸ ಮಾತ್ರ

'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಬಂತು. ಆ ಹಾಳೆಯ ಮೇಲೆ ಏನು ಅಚ್ಚಾಯಿತೋ ಅದು ಆ ಹಾಳೆಯಲ್ಲೇ ಉಳಿಯಿತು. ವೆಬ್ ಪುಟ ಹಾಗಲ್ಲ. ಪುಟದಲ್ಲಿ ಅಕ್ಷರ ಇರುತ್ತದೆ, ಫೋಟೋ ಇರುವುದಿಲ್ಲ. ಫೋಟೋ ಇರಬೇಕಾದ ಜಾಗದಲ್ಲಿ ಒಂದು ವಿಳಾಸ ಇರುತ್ತದೆ. ನೀವು ಪುಟ ತೆರೆದಾಗ ಬ್ರೌಸರ್ ಆ ವಿಳಾಸಕ್ಕೆ ಹೋಗಿ, ಫೈಲನ್ನು ತಂದು, ಅಲ್ಲಿ ಕೂರಿಸುತ್ತದೆ. ಪ್ರತಿ ಸಲ ತೆರೆದಾಗಲೂ ಇದೇ ಕೆಲಸ. ಆ ವಿಳಾಸದಲ್ಲಿ ಫೈಲು ಇಲ್ಲದಿದ್ದರೆ ಬೂದು ಚೌಕ.

ಕೆಲವು ತಾಣಗಳಲ್ಲಿ ಗುಂಡಿ ಒತ್ತಿ ಫೋನಿನಿಂದಲೇ ಫೋಟೋ ಏರಿಸಬಹುದು. ಆಗ ವಿಳಾಸವನ್ನು ತಾಣವೇ ಬರೆದುಕೊಳ್ಳುತ್ತದೆ. ಕೆಲವು ಕಡೆ ನಾವೇ ವಿಳಾಸ ಕೊಡಬೇಕು. ಚೌಕ ಆವರಣದೊಳಗೆ ಐಎಂಜಿ ಎಂಬ ಮೂರು ಇಂಗ್ಲಿಷ್ ಅಕ್ಷರ, ಆಮೇಲೆ ವಿಳಾಸ, ಕೊನೆಗೆ ಅದೇ ಆವರಣ ಒಂದು ಓರೆಗೆರೆಯ ಜೊತೆ. ಇಲ್ಲಿ ತುಂಬ ಜನ ಎಡವುವುದು ಒಂದೇ ಕಡೆ. ಫೋಟೋ ಕಾಣುವ ಪುಟದ ವಿಳಾಸ ಬೇರೆ, ಫೋಟೋ ಫೈಲಿನ ವಿಳಾಸವೇ ಬೇರೆ. ಬ್ರೌಸರಿನ ಮೇಲ್ಪಟ್ಟಿಯಿಂದ ಎತ್ತಿಕೊಂಡದ್ದು ಸಾಮಾನ್ಯವಾಗಿ ಪುಟದ ವಿಳಾಸ. ಅದನ್ನು ಹಾಕಿದರೆ ಏನೂ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ, ಫೋನಿನಲ್ಲಾದರೆ ಒತ್ತಿ ಹಿಡಿದು, ಚಿತ್ರದ ವಿಳಾಸವನ್ನೇ ಕಾಪಿ ಮಾಡಬೇಕು. ಅದು ಹೆಚ್ಚಾಗಿ ಜೆಪಿಜಿ, ಪಿಎನ್‌ಜಿ ಎಂದು ಮುಗಿಯುತ್ತದೆ. ವಿಳಾಸ ಎಚ್‌ಟಿಟಿಪಿಎಸ್ ಎಂದು ಶುರುವಾಗಲಿ. ಕೊನೆಯ ಎಸ್ ಇಲ್ಲದ ವಿಳಾಸದ ಚಿತ್ರಗಳನ್ನು ಇವತ್ತಿನ ಬ್ರೌಸರ್‌ಗಳು ಎಷ್ಟೋ ಸಲ ತೋರಿಸುವುದೇ ಇಲ್ಲ.

ತಾಣಕ್ಕೇ ನೇರವಾಗಿ ಏರಿಸುವುದು

ಬರೆಯುವ ಜಾಗದಲ್ಲೇ ಫೋಟೋ ಏರಿಸಲು ಬಿಡುತ್ತಾರೆ ಎಂದಾದರೆ ಅದನ್ನೇ ಮಾಡಿ. ಹತ್ತರಲ್ಲಿ ಎಂಟು ಸಲ ನನ್ನ ಉತ್ತರ ಇದೇ. ಬರಹ ಮತ್ತು ಫೋಟೋ ಒಂದೇ ಮನೆಯಲ್ಲಿರುತ್ತವೆ. ತಾಣ ಇರುವವರೆಗೆ ಎರಡೂ ಇರುತ್ತವೆ, ತಾಣ ಹೋದರೆ ಎರಡೂ ಹೋಗುತ್ತವೆ. ಅಕ್ಷರ ಉಳಿದು ಚಿತ್ರ ಮಾತ್ರ ಕಾಣೆಯಾಗುವ ಸಂಕಟ ಇರುವುದಿಲ್ಲ.

ಇದರಲ್ಲೂ ಕೊರತೆ ಇದೆ. ಫೈಲಿನ ಗಾತ್ರಕ್ಕೆ ಮಿತಿ ಇರುತ್ತದೆ. ಏರಿಸಿದ ಫೋಟೋವನ್ನು ತಾಣ ತನಗೆ ಬೇಕಾದಷ್ಟಕ್ಕೆ ಕುಗ್ಗಿಸಿಕೊಳ್ಳುತ್ತದೆ. ಕೆಲವು ಕಡೆ ಖಾತೆ ಇಲ್ಲದವರಿಗೆ ಫೋಟೋ ಕಾಣುವುದೇ ಇಲ್ಲ. ಸಣ್ಣ ವಿವರವೇ ಮುಖ್ಯ ಆಗಿರುವ ಫೋಟೋ ಆದರೆ ದೊಡ್ಡ ಪ್ರತಿಯನ್ನು ಇನ್ನೊಂದು ಕಡೆ ಇಟ್ಟು, ಕೊಂಡಿಯನ್ನು ಕೆಳಗೆ ಕೊಡಿ. ಅದು ಮುಂದೆ ಮುರಿದರೂ ಬರಹದ ಫೋಟೋ ಇದ್ದೇ ಇರುತ್ತದೆ.

ಬೇರೆಯವರ ತಾಣದಲ್ಲಿರುವ ಫೋಟೋದ ವಿಳಾಸ ತಂದು ನಮ್ಮ ಬರಹದಲ್ಲಿ ಕೂರಿಸುವ ಅಭ್ಯಾಸ ಮಾತ್ರ ಬೇಡ. ನಮ್ಮ ಓದುಗರು ಪುಟ ತೆರೆದಷ್ಟೂ ಅವರ ಸರ್ವರಿನ ಖರ್ಚು ಏರುತ್ತದೆ. ಪಕ್ಕದ ಮನೆಯ ಬಾವಿಗೆ ಕೇಳದೆ ಪಂಪು ಇಟ್ಟ ಹಾಗೆ. ಜೊತೆಗೆ ಆ ಜಾಗದಲ್ಲಿ ನಾಳೆ ಅವರು ಬೇರೆ ಚಿತ್ರ ಇಟ್ಟರೆ, ನಮ್ಮ ಬರಹದಲ್ಲೂ ಅದೇ ಕಾಣುತ್ತದೆ.

ಉಚಿತ ಹೋಸ್ಟಿಂಗ್: ಹಿಂದೆ ಏನೇನಾಯಿತು

ಫೋಟೋ ಏರಿಸಿದ ಕೂಡಲೇ ವಿಳಾಸ ಕೊಡುವ ಉಚಿತ ತಾಣಗಳು ಬಹಳ ಅನುಕೂಲ. ಅರ್ಧ ನಿಮಿಷದ ಕೆಲಸ. ನಾನೂ ಅದಕ್ಕೇ ಮಾರುಹೋದದ್ದು. ಆದರೆ ಇವುಗಳ ಹಿಂದಿನ ಚರಿತ್ರೆ ಗೊತ್ತಿರಲಿ.

ಫೋಟೋಬಕೆಟ್ 2003ರಲ್ಲಿ ಶುರುವಾದ ತಾಣ. ಒಂದು ಕಾಲಕ್ಕೆ ಜಗತ್ತಿನ ಅರ್ಧ ಚರ್ಚಾಕಟ್ಟೆಗಳ ಚಿತ್ರ ಅಲ್ಲೇ ಇದ್ದವೇನೋ ಅನ್ನಿಸುವಷ್ಟು ಬಳಕೆಯಲ್ಲಿತ್ತು. 2017ರ ಜೂನ್ ಕೊನೆಗೆ ಕಂಪನಿ ನಿಯಮ ಬದಲಾಯಿಸಿತು. ಬೇರೆ ತಾಣಗಳಲ್ಲಿ ಚಿತ್ರ ಕಾಣಬೇಕಾದರೆ ವರ್ಷಕ್ಕೆ 399 ಡಾಲರ್ ಕೊಡಬೇಕು ಎಂದಿತು. ಹಣ ಕೊಡದವರ ಚಿತ್ರದ ಜಾಗದಲ್ಲೆಲ್ಲ ಖಾತೆ ಬದಲಿಸಿಕೊಳ್ಳಿ ಎಂಬ ಫಲಕ ಬಂತು. ಕಾರು ರಿಪೇರಿ, ಮರಗೆಲಸ, ರೇಡಿಯೋ ಕಟ್ಟುವುದು, ಹೀಗೆ ಹಂತಹಂತವಾಗಿ ಚಿತ್ರ ಹಾಕಿ ಜನ ಬರೆದಿದ್ದ ಎಷ್ಟೋ ಪಾಠಗಳು ಅವತ್ತು ಕುರುಡಾದವು. ಮರುವರ್ಷ ಕಂಪನಿ ಆ ದರ ಕೈಬಿಟ್ಟಿತು. ಆದರೆ ಅಷ್ಟರಲ್ಲಿ ಬಹಳ ಜನ ಖಾತೆ ಮುಚ್ಚಿ ಹೋಗಿದ್ದರು.

ಇಮೇಜ್‌ಶ್ಯಾಕ್ 2014ರಲ್ಲಿ ಉಚಿತ ಬಿಟ್ಟು ಚಂದಾ ಕಡೆ ತಿರುಗಿತು. ಟೈನಿಪಿಕ್ 2019ರಲ್ಲಿ ಮುಚ್ಚಿತು. 2009ರಲ್ಲಿ ಹುಟ್ಟಿದ ಇಮ್ಗುರ್ ಬಹಳ ಕಾಲ ಎಲ್ಲರ ಮೆಚ್ಚಿನ ತಾಣ ಆಗಿತ್ತು. ಅದೂ 2023ರ ಮೇ 15ರಿಂದ ಹೊಸ ನಿಯಮ ತಂದಿತು. ಯಾವ ಖಾತೆಗೂ ಸೇರದ, ಹಳೆಯ, ಬಳಕೆಯಲ್ಲಿಲ್ಲದ ಚಿತ್ರಗಳನ್ನು ತೆಗೆಯತೊಡಗಿತು. 2025ರ ಸೆಪ್ಟೆಂಬರ್ 30ರಂದು ಬ್ರಿಟನ್ನಿನ ಓದುಗರಿಗೆ ಬಾಗಿಲು ಹಾಕಿತು. ನಮ್ಮ ಕರಾವಳಿಯವರಿಗೆ ಇದು ದೂರದ ಸುದ್ದಿ ಅಲ್ಲ, ಅಲ್ವಾ? ಊರಿನ ಮನೆ, ಊರಿನ ಯಕ್ಷಗಾನ ಆಟದ ಫೋಟೋ ನೋಡುವವರಲ್ಲಿ ಅರ್ಧ ಜನ ದುಬೈ, ಮಸ್ಕತ್, ಲಂಡನ್ ಕಡೆ ಇರುತ್ತಾರೆ. ನಮಗೆ ಕಂಡದ್ದು ಅವರಿಗೂ ಕಾಣುತ್ತದೆ ಎಂದು ಸುಮ್ನೆ ನಂಬುವ ಹಾಗಿಲ್ಲ.

ಹಾಗೆಂದು ಇವುಗಳನ್ನು ಮುಟ್ಟಲೇಬೇಡಿ ಎನ್ನುವುದಿಲ್ಲ. "ಈ ಹುಳ ಯಾವುದು, ತೆಂಗಿಗೆ ಏನು ಮಾಡಲಿ" ಎಂಬ ಪ್ರಶ್ನೆಗೆ ಎರಡು ದಿನದಲ್ಲಿ ಉತ್ತರ ಬರುತ್ತದೆ. ಅಂಥ ಫೋಟೋಗೆ ಉಚಿತ ತಾಣ ಸಾಕು. ಆದರೆ ಬಳಸುವುದಾದರೆ ಖಾತೆ ಮಾಡಿಕೊಂಡೇ ಏರಿಸಿ. ಖಾತೆ ಇಲ್ಲದೆ ಏರಿಸಿದ ಫೋಟೋ ನಿಮ್ಮದು ಎಂದು ಹೇಳಲು ಆಮೇಲೆ ದಾರಿಯೇ ಇರುವುದಿಲ್ಲ. ನನ್ನ ಎಂಟು ಫೋಟೋಗಳೂ ಹಾಗೆ ಖಾತೆ ಇಲ್ಲದೆ ಹೋದವು.

ಗೂಗಲ್ ಫೋಟೋಸ್, ಡ್ರೈವ್, ಫೇಸ್‌ಬುಕ್

ಇವು ಮೂರನ್ನೂ ನಾನು ಒಂದೇ ಬುಟ್ಟಿಗೆ ಹಾಕುತ್ತೇನೆ. ಫೋಟೋ ಇಟ್ಟುಕೊಳ್ಳಲು, ಮನೆಯವರಿಗೆ ತೋರಿಸಲು ಚೆನ್ನ. ಬರಹದೊಳಗೆ ಕೂರಿಸಲು ಅಲ್ಲ.

ಗೂಗಲ್ ಫೋಟೋಸ್‌ನಲ್ಲಿ ಆಲ್ಬಂ ಮಾಡಿ ಕೊಂಡಿ ಹಂಚಬಹುದು. ಮದುವೆ, ಉಪನಯನ, ಗೃಹಪ್ರವೇಶದ ಮುನ್ನೂರು ಫೋಟೋಗೆ ಅದಕ್ಕಿಂತ ಸುಲಭದ್ದು ನನಗೆ ಗೊತ್ತಿಲ್ಲ. ಆದರೆ ಅದು ಕೊಡುವುದು ಪುಟದ ಕೊಂಡಿ. ಚಿತ್ರದ ಮೇಲೆ ಒತ್ತಿ ಹಿಡಿದು ತೆಗೆದ ಉದ್ದನೆಯ ವಿಳಾಸ ಇವತ್ತು ಕೆಲಸ ಮಾಡಿದರೂ ನಾಳೆ ಮಾಡುತ್ತದೆ ಎಂಬ ಭರವಸೆ ಇಲ್ಲ. ಜಾಗದ ಲೆಕ್ಕವೂ ಇದೆ. 2021ರ ಜೂನ್ 1ರಿಂದ ಹೊಸದಾಗಿ ಏರಿಸುವ ಫೋಟೋಗಳು 15 ಜಿಬಿ ಲೆಕ್ಕಕ್ಕೆ ಸೇರುತ್ತವೆ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಆ 15 ಜಿಬಿ.

ಫೇಸ್‌ಬುಕ್ಕಿನ ಫೋಟೋ ಫೈಲಿನ ವಿಳಾಸಕ್ಕೆ ಅವಧಿ ಇರುತ್ತದೆ. ಕೆಲವು ದಿನ ಕಾಣುತ್ತದೆ, ಆಮೇಲೆ ಇಲ್ಲ. ಹರಟೆಯ ತಾಣ ಡಿಸ್ಕಾರ್ಡ್‌ನಿಂದ ಹೊರಗೆ ಹಾಕಿದ ವಿಳಾಸವಂತೂ ಒಂದೇ ದಿನದಲ್ಲಿ ಸಾಯುತ್ತದೆ. ಇಂಥವನ್ನು ಹಾಕಿದವರಿಗೆ ತಪ್ಪು ಗೊತ್ತೇ ಆಗುವುದಿಲ್ಲ. ಹಾಕಿದ ದಿನ ಎಲ್ಲವೂ ಸರಿ ಕಂಡಿರುತ್ತದೆ.

ವಾಟ್ಸಾಪ್ ದಾರಿಯಲ್ಲಿ ಏನು ಕಳೆಯುತ್ತದೆ

ವಾಟ್ಸಾಪ್‌ನಿಂದ ಬರಹಕ್ಕೆ ನೇರವಾಗಿ ಚಿತ್ರ ಕೂರಿಸಲು ಬರುವುದಿಲ್ಲ. ಆದರೂ ಇದರ ಬಗ್ಗೆ ಬರೆಯಲೇಬೇಕು. ನಮ್ಮೂರಲ್ಲಿ ಫೋಟೋ ಒಬ್ಬರಿಂದ ಒಬ್ಬರಿಗೆ ಹೋಗುವುದು ಇದೇ ದಾರಿಯಲ್ಲಿ. ಬರಹಕ್ಕೆ ಬರುವ ಹೊತ್ತಿಗೆ ಫೋಟೋ ಆಗಲೇ ಅರ್ಧ ಸತ್ತಿರುತ್ತದೆ.

ಕಾರ್ಕಳದ ಚಿಕ್ಕಮ್ಮ ಅವರ ಹಟ್ಟಿಯ ಮಾಡು ಬಿಚ್ಚಿಸುವಾಗ ಹಂಚಿನ ಫೋಟೋ ತೆಗೆದು ಕಳುಹಿಸಿದರು. ಕೂಡಲೇ ಫೋನೂ ಬಂತು. "ಬಂತಾ ಮಗಾ? ಅಕ್ಷರ ಕಾಣ್ತದಾ?" ಕಾಣಲಿಲ್ಲ. ಅಕ್ಷರ ಇದೆ ಎಂದು ಗೊತ್ತಾಗುತ್ತಿತ್ತು, ಯಾವ ಅಕ್ಷರ ಎಂದು ಗೊತ್ತಾಗುತ್ತಿರಲಿಲ್ಲ.

ನೋಡೋಣ ಎಂದು ನಾನೇ ಒಂದು ಹಂಚು ಅಂಗಳಕ್ಕೆ ತಂದು ಪ್ರಯತ್ನಿಸಿದೆ. ಬೆಳಿಗ್ಗೆ ಏಳೂವರೆ, ಬಿಸಿಲು ಓರೆಯಾಗಿ ಬೀಳುವ ಹೊತ್ತು. ಹಂಚಿನ ಅಚ್ಚು ಓದಲು ಇದೇ ಸರಿಯಾದ ಬೆಳಕು. ಉಬ್ಬಿದ ಅಕ್ಷರದ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಬದಿಗೆ ಕೂದಲೆಳೆಯಷ್ಟು ನೆರಳು ಬೀಳುತ್ತದೆ. ಅಕ್ಷರಕ್ಕೂ ಹಂಚಿಗೂ ಬಣ್ಣ ಒಂದೇ. ನಾವು ಓದುವುದು ಆ ನೆರಳನ್ನು. ಫೋನಿನ ಮೂಲ ಫೋಟೋ 4000ಕ್ಕೆ 3000 ಪಿಕ್ಸೆಲ್, ಸುಮಾರು 4 ಎಂಬಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದ ಪ್ರತಿ 1600ಕ್ಕೆ 1200, ಮುನ್ನೂರು ಕೆಬಿ ಆಸುಪಾಸು. ಮೂಲದಲ್ಲಿ ನಾಲ್ಕೈದು ಪಿಕ್ಸೆಲ್ ಅಗಲ ಇದ್ದ ನೆರಳು ಇಲ್ಲಿ ಎರಡೇ ಪಿಕ್ಸೆಲ್. ಅದರ ಮೇಲೆ ಜೆಪಿಜಿಯ ಒತ್ತುವಿಕೆ. ಜೆಪಿಜಿ ಚಿತ್ರವನ್ನು 8ಕ್ಕೆ 8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು, ಪ್ರತಿ ಚೌಕದ ಸೂಕ್ಷ್ಮ ವ್ಯತ್ಯಾಸವನ್ನೇ ಮೊದಲು ಕೈಬಿಡುತ್ತದೆ. ಮುಖ, ಆಕಾಶ, ಗದ್ದೆಯ ಫೋಟೋದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಹಂಚಿನಲ್ಲಿ ಅದೇ ನಮಗೆ ಬೇಕಾದದ್ದು.

ಯಕ್ಷಗಾನದ ಫೋಟೋ ತೆಗೆಯುವವರಿಗೂ ಈ ಕಷ್ಟ ಗೊತ್ತು. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ಗಂಟೆಗಟ್ಟಲೆ ಕೂತು ಒಂದೊಂದೇ ಚಿಟ್ಟಿ ಇಡುತ್ತಾರೆ. ಅಕ್ಕಿಹಿಟ್ಟಿನ ಆ ಸಣ್ಣ ಮುಳ್ಳುಗಳು ಮೂಲ ಫೋಟೋದಲ್ಲಿ ಬೇರೆಬೇರೆಯಾಗಿ ನಿಂತಿರುತ್ತವೆ. ಮೂರು ಗುಂಪು ದಾಟಿ, ಉಳಿಸಿ, ಕತ್ತರಿಸಿ, ಮತ್ತೆ ಕಳುಹಿಸಿದ ಪ್ರತಿಯಲ್ಲಿ ಬಿಳಿ ಪಟ್ಟಿ ಬಳಿದ ಹಾಗೆ ಕಾಣುತ್ತದೆ.

ಫೋಟೋ ತೆಗೆದ ದಿನಾಂಕವೂ ಈ ದಾರಿಯಲ್ಲಿ ಹೋಗುತ್ತದೆ. ಫೋನು ಫೋಟೋದೊಳಗೆ ಬರೆದಿಟ್ಟ ದಿನ, ಗಂಟೆ, ಜಾಗವನ್ನು ವಾಟ್ಸಾಪ್ ತೆಗೆದುಬಿಡುತ್ತದೆ. ಫೈಲಿನ ಹೆಸರಿನಲ್ಲಿ ಉಳಿಯುವ ದಿನಾಂಕ ಅದು ವಾಟ್ಸಾಪ್‌ನಲ್ಲಿ ಬಂದ ದಿನದ್ದು, ತೆಗೆದ ದಿನದ್ದಲ್ಲ. ಹಳೇ ಮನೆಯ ದಾಖಲೆ ಮಾಡುವವರು ಇದನ್ನು ಮರೆಯಬಾರದು.

ಪರಿಹಾರ ಸುಲಭ. ಫೋಟೋವನ್ನು ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳುಹಿಸಿ. ಪಿನ್ನಿನ ಗುರುತು ಒತ್ತಿ, ಡಾಕ್ಯುಮೆಂಟ್ ಆರಿಸಿ, ಅಲ್ಲಿಂದ ಫೋಟೋ ತೆಗೆದುಕೊಂಡರೆ ಮೂಲ ಫೈಲು ಹಾಗೇ ಹೋಗುತ್ತದೆ. 2 ಜಿಬಿವರೆಗೆ ಹೋಗುತ್ತದೆ. 2023ರ ಆಗಸ್ಟಿನಲ್ಲಿ ಬಂದ ಎಚ್‌ಡಿ ಆಯ್ಕೆ ಮಾಮೂಲಿಗಿಂತ ವಾಸಿ, ಆದರೆ ಅದೂ ಮೂಲ ಅಲ್ಲ. ಚಿಕ್ಕಮ್ಮನಿಗೆ ಫೋನಿನಲ್ಲೇ ಹೇಳಿಕೊಟ್ಟೆ. ಎರಡನೇ ಸಲಕ್ಕೆ ಸರಿಯಾಗಿ ಬಂತು. ಅಚ್ಚು ಓದಿದರೆ ಕಾಮನ್‌ವೆಲ್ತ್ ಟ್ರಸ್ಟ್! ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಶುರು ಮಾಡಿದ ಹಂಚಿನ ಕಾರ್ಖಾನೆ ಮೊದಲ ಮಹಾಯುದ್ಧದ ನಂತರ ಈ ಹೆಸರಿಗೆ ಹೋಯಿತು. ಹಾಗಾಗಿ ಹಂಚು ಯುದ್ಧದ ನಂತರದ್ದು. ಮಸುಕಾದ ಮೊದಲ ಪ್ರತಿಯಲ್ಲಿ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಫ್ಲಿಕರ್: ಸಂಗ್ರಹ ಇದ್ದವರಿಗೆ

ಒಂದೇ ವಿಷಯದ ಫೋಟೋಗಳನ್ನು ವರ್ಷಗಟ್ಟಲೆ ಕೂಡಿಸುವವರಿಗೆ ಫ್ಲಿಕರ್ ಈಗಲೂ ಒಳ್ಳೆಯ ಜಾಗ. 2004ರಿಂದ ಇದೆ. ಯಾಹೂ ಕೈಗೆ ಹೋಗಿ, 2018ರಲ್ಲಿ ಸ್ಮಗ್‌ಮಗ್ ಎಂಬ ಕಂಪನಿ ಕೊಂಡಿತು. ಬರಹದಲ್ಲಿ ಕೂರಿಸಲು ಬೇಕಾದ ಸಾಲನ್ನು ಅದೇ ತಯಾರು ಮಾಡಿ ಕೊಡುತ್ತದೆ, ಗಾತ್ರವನ್ನೂ ನಾವೇ ಆರಿಸಬಹುದು. ಚಿತ್ರ ಒತ್ತಿದರೆ ಫ್ಲಿಕರ್ ಪುಟಕ್ಕೆ ಹೋಗುವ ಹಾಗೆ ಇರಬೇಕು ಎಂಬುದು ಅವರ ನಿಯಮ. ನ್ಯಾಯವಾದದ್ದೇ.

ಮಿತಿ ಗೊತ್ತಿರಲಿ. ಒಂದು ಕಾಲಕ್ಕೆ ಉಚಿತ ಖಾತೆಗೂ 1 ಟಿಬಿ ಜಾಗ ಇತ್ತು. 2019ರಿಂದ ಉಚಿತ ಖಾತೆಗೆ 1000 ಫೋಟೋ ಮಾತ್ರ. ನನ್ನ ಅಭಿಪ್ರಾಯ ಕೇಳಿದರೆ, ದುಡ್ಡು ಕೊಟ್ಟು ಫ್ಲಿಕರ್ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಚಂದಾ ನಿಲ್ಲಿಸಿದ ದಿನ ಏನಾಗುತ್ತದೆ ಎಂದು ಮೊದಲೇ ಓದಿಕೊಂಡು ಸೇರಿ. ನಾವು ಇಲ್ಲದ ಮೇಲೆ ಚಂದಾ ಕಟ್ಟುವವರು ಯಾರು ಎಂಬುದೂ ಯೋಚಿಸಬೇಕಾದದ್ದೇ.

ವಿಕಿಮೀಡಿಯಾ ಕಾಮನ್ಸ್: ಊರಿಗೆ ಸೇರಿದ ಫೋಟೋಗೆ

ನನ್ನ ಹಂಚಿನ ಫೋಟೋಗಳು ಈಗ ಹೋಗುವುದು ಇಲ್ಲಿಗೆ. ವಿಕಿಪೀಡಿಯದ ಚಿತ್ರಗಳಿಗಾಗಿ 2004ರ ಸೆಪ್ಟೆಂಬರಿನಲ್ಲಿ ಶುರುವಾದ ಸಾರ್ವಜನಿಕ ಕಣಜ ಇದು. ಲಾಭದ ಕಂಪನಿ ನಡೆಸುವುದಲ್ಲ, ಜಾಹೀರಾತು ಇಲ್ಲ. ಏರಿಸಿದ ಫೋಟೋ ಕುಗ್ಗದೆ ಮೂಲ ಗಾತ್ರದಲ್ಲೇ ಉಳಿಯುತ್ತದೆ. ತೆಗೆದ ದಿನಾಂಕ ಉಳಿಯುತ್ತದೆ. ಫೋಟೋ ಕೆಳಗೆ ಕನ್ನಡದಲ್ಲೂ ತುಳುವಿನಲ್ಲೂ ವಿವರ ಬರೆಯಬಹುದು. ತುಳು ವಿಕಿಪೀಡಿಯ 2016ರ ಆಗಸ್ಟಿನಲ್ಲಿ ಶುರುವಾಯಿತು. ಅದಕ್ಕೆ, ಕನ್ನಡ ವಿಕಿಪೀಡಿಯಕ್ಕೆ, ಇನ್ನೂ ಎಷ್ಟೋ ಭಾಷೆಗೆ ನಿಮ್ಮ ಒಂದೇ ಫೋಟೋ ಸಿಗುತ್ತದೆ. ಬೇರೆ ತಾಣದ ಬರಹದಲ್ಲಿ ಅಲ್ಲಿಯ ವಿಳಾಸ ಕೂರಿಸಲು ಅನುಮತಿ ಇದೆ. ಫೈಲಿನ ಹೆಸರು ಬದಲಾದರೆ ಕೊಂಡಿ ಕೆಡಬಹುದು ಎಂಬ ಕಾರಣಕ್ಕೆ ಅವರು ಅದನ್ನು ಹೆಚ್ಚು ಹೇಳುವುದಿಲ್ಲ. ಅದಕ್ಕೆ ನಾನು ಬರಹಕ್ಕೆ ಒಂದು ಚಿಕ್ಕ ಪ್ರತಿಯನ್ನು ನೇರವಾಗಿ ಏರಿಸಿ, ಕಾಮನ್ಸ್ ಪುಟದ ಕೊಂಡಿಯನ್ನು ಕೆಳಗೆ ಕೊಡುತ್ತೇನೆ.

ಇದಕ್ಕೆ ಬೆಲೆ ಇದೆ, ಅದನ್ನು ತಿಳಿದೇ ಕೊಡಬೇಕು. ಇಲ್ಲಿ ಹಾಕಿದ ಫೋಟೋವನ್ನು ಯಾರು ಬೇಕಾದರೂ ಬಳಸಬಹುದು. ವ್ಯಾಪಾರಕ್ಕೂ ಬಳಸಬಹುದು. ಹೆಚ್ಚಿನವರು ಆರಿಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ನಿಮ್ಮ ಹೆಸರು ಹಾಕಲೇಬೇಕು ಎಂಬ ಷರತ್ತು ಇರುತ್ತದೆ. ಆದರೆ ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಫೋಟೋ ಮಾರಿ ಬದುಕುವವರಿಗೆ ಇದು ಸರಿಹೊಂದದು.

ಮನೆಯ ಫೋಟೋ, ಮಕ್ಕಳ ಫೋಟೋ, ಮದುವೆಯ ಫೋಟೋ ಇಲ್ಲಿಗಲ್ಲ. ಅಜ್ಜನ ಕಾಲದ ಸ್ಟುಡಿಯೋ ಫೋಟೋ ನಿಮ್ಮ ಗೋಡೆಯಲ್ಲಿದೆ ಎಂದಾಕ್ಷಣ ಹಕ್ಕು ನಿಮ್ಮದಾಗುವುದಿಲ್ಲ. ಕಟ್ಟಡಗಳ ವಿಷಯದಲ್ಲಿ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಉದಾರವಾಗಿದೆ. 52ನೇ ಕಲಂ ಪ್ರಕಾರ ಕಟ್ಟಡದ ಫೋಟೋ, ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ನಿಂತ ಶಿಲ್ಪದ ಫೋಟೋ ತೆಗೆದು ಪ್ರಕಟಿಸಬಹುದು. ಗೋಡೆಗೆ ಬರೆದ ಚಿತ್ರಕ್ಕೆ ಈ ಸಡಿಲಿಕೆ ಇಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು ಬರೆದ ಅಂತೋನಿಯೋ ಮೊಸ್ಕೇನಿ ತೀರಿಹೋದದ್ದು 1905ರಲ್ಲಿ, ಆ ಚಿತ್ರಗಳ ಹಕ್ಕಿನ ಅವಧಿ ಎಂದೋ ಮುಗಿದಿದೆ. ಈಚೆಗೆ ರಸ್ತೆಬದಿ ಗೋಡೆಗೆ ಯಾರೋ ಬರೆದ ಚಿತ್ರದ ಹಕ್ಕು ಆ ಕಲಾವಿದರದ್ದೇ.

ಕಾನೂನು ಬಿಡುತ್ತದೆ ಎಂದ ಮಾತ್ರಕ್ಕೆ ಎಲ್ಲವನ್ನೂ ಹಾಕುವುದೂ ಸರಿಯಲ್ಲ. ದೈವದ ನೇಮ, ಕೋಲದ ಫೋಟೋ ಹಾಕುವ ಮುಂಚೆ ಆ ಮನೆಯವರನ್ನು, ಕಟ್ಟುವವರನ್ನು ಕೇಳಿ. ಬೇಡ ಎಂದರೆ ಬೇಡ. ಅದು ಅವರ ನಂಬಿಕೆಯ ಜಾಗ.

ಸ್ವಂತ ತಾಣ

ತಾಣಕ್ಕೊಂದು ಹೆಸರು ಕೊಂಡು, ಸರ್ವರಿನಲ್ಲಿ ಜಾಗ ಬಾಡಿಗೆಗೆ ಪಡೆದು, ನಮ್ಮದೇ ತಾಣದಲ್ಲಿ ಫೋಟೋ ಇಟ್ಟರೆ ಹಿಡಿತ ಪೂರ್ತಿ ನಮ್ಮದು. ಪ್ರತಿ ವರ್ಷ ಹಣ ಕಟ್ಟುವುದು ಮರೆತರೆ ನಷ್ಟವೂ ಪೂರ್ತಿ ನಮ್ಮದೇ. ತಾಂತ್ರಿಕ ಕೆಲಸ ಇಷ್ಟಪಡುವವರಿಗೆ ಗಿಟ್‌ಹಬ್ ಪೇಜಸ್ ಉಚಿತವಾಗಿ 1 ಜಿಬಿವರೆಗಿನ ತಾಣ ಇಡಲು ಬಿಡುತ್ತದೆ. ಉಳಿದವರಿಗೆ ನಾನು ಇದನ್ನು ಹೇಳುವುದಿಲ್ಲ.

ಯಾವ ದಾರಿ ಹಿಡಿದರೂ ಮೊದಲು ಮಾಡಬೇಕಾದ್ದು

ಗಾತ್ರ ಇಳಿಸಿ. ಹನ್ನೆರಡು ಫೋಟೋ, ಒಂದೊಂದು 4 ಎಂಬಿ ಎಂದರೆ ಪುಟ ತೆರೆಯಲು 48 ಎಂಬಿ ಬೇಕು. ಹೆಬ್ರಿ ದಾಟಿ ಸೋಮೇಶ್ವರದ ಕಡೆ ಹೋದರೆ ಸಿಗ್ನಲ್ ಒಂದು ಕಡ್ಡಿ. ಅಲ್ಲಿ ಕೂತು ನಿಮ್ಮ ಬರಹ ಓದುವವರಿಗೆ ಮೂರನೇ ಫೋಟೋ ಬರುವಷ್ಟರಲ್ಲಿ ಸಾಕಾಗಿರುತ್ತದೆ. ಉದ್ದದ ಬದಿ 1600 ಪಿಕ್ಸೆಲ್, ಜೆಪಿಜಿ ಗುಣಮಟ್ಟ 80ರ ಸುತ್ತ ಇಟ್ಟರೆ ಹೆಚ್ಚಿನ ಫೋಟೋಗೆ ಸಾಕು. ಸಣ್ಣ ವಿವರ ತೋರಿಸಬೇಕೇ? ಇಡೀ ಫೋಟೋವನ್ನು ದೊಡ್ಡದಾಗಿ ಹಾಕಬೇಡಿ. ಮೂಲದಿಂದ ಆ ತುಂಡನ್ನು ಮಾತ್ರ ಕತ್ತರಿಸಿ, ಕುಗ್ಗಿಸದೆ ಹಾಕಿ. ನನ್ನ ಹಂಚಿಗೆ ನಾನು ಎರಡು ಫೋಟೋ ಹಾಕುತ್ತೇನೆ. ಇಡೀ ಹಂಚು ಚಿಕ್ಕದಾಗಿ, ಅಚ್ಚಿನ ಭಾಗ ಹತ್ತಿರದಿಂದ.

ಫೋಟೋಗೆ ಜೆಪಿಜಿ. ಯಕ್ಷಗಾನದ ಕರಪತ್ರ, ಹಳೇ ಆಮಂತ್ರಣ, ಪರದೆಯ ಚಿತ್ರ ಇವುಗಳಲ್ಲಿ ಅಕ್ಷರ ಮುಖ್ಯ, ಅವಕ್ಕೆ ಪಿಎನ್‌ಜಿ. ಐಫೋನಿನವರು ಒಂದು ಗಮನಿಸಿ. 2017ರಿಂದ ಐಫೋನು ಎಚ್‌ಇಐಸಿ ಎಂಬ ಬಗೆಯಲ್ಲಿ ಫೋಟೋ ಉಳಿಸುತ್ತದೆ. ಸಫಾರಿ ಬಿಟ್ಟು ಹೆಚ್ಚಿನ ಬ್ರೌಸರ್‌ಗಳಲ್ಲಿ ಅದು ತೆರೆಯುವುದಿಲ್ಲ, ಕಾಮನ್ಸ್ ಕೂಡ ತೆಗೆದುಕೊಳ್ಳುವುದಿಲ್ಲ. ಜೆಪಿಜಿ ಮಾಡಿಯೇ ಏರಿಸಿ.

ಮನೆಯೊಳಗೆ ತೆಗೆದ ಫೋಟೋ ಆದರೆ ಜಾಗದ ಗುರುತು ತೆಗೆಯಿರಿ. ಅಜ್ಜಿಯ ಕೊಪ್ಪರಿಗೆ, ಹಳೇ ಒಡವೆ, ದೇವರಕೋಣೆಯ ವಿಗ್ರಹ, ಇವುಗಳ ಫೋಟೋದೊಳಗೆ ಮನೆ ಎಲ್ಲಿದೆ ಎಂಬುದು ಕೆಲವೇ ಮೀಟರ್ ಅಂತರದಲ್ಲಿ ಬರೆದಿರಬಹುದು. ಮೂಲ ಪ್ರತಿಯಲ್ಲಿ ಅದು ಇರಲಿ. ಹೊರಗೆ ಹಾಕುವ ಪ್ರತಿಯಲ್ಲಿ ಬೇಡ.

ಬದಲಿ ಪಠ್ಯ ಬರೆಯುವ ಜಾಗ ಇದ್ದರೆ ಖಾಲಿ ಬಿಡಬೇಡಿ. ಕಣ್ಣು ಕಾಣದವರ ಫೋನು ಆ ಸಾಲನ್ನೇ ಓದಿ ಹೇಳುತ್ತದೆ, ಕನ್ನಡದಲ್ಲೂ ಓದುತ್ತದೆ. "ಹಂಚು" ಎಂದು ಬರೆದರೆ ಅವರಿಗೆ ಏನೂ ಸಿಗುವುದಿಲ್ಲ. "ಹಂಚಿನ ಒಳಮೈ, ನಡುವೆ ಉಬ್ಬಕ್ಷರದಲ್ಲಿ ಕಾರ್ಖಾನೆಯ ಹೆಸರು, ಬಲಮೂಲೆ ಒಡೆದಿದೆ" ಎಂದು ಬರೆಯಿರಿ. 2011ರಲ್ಲಿ ನಾನು ಇಷ್ಟು ಬರೆದಿದ್ದರೆ ಬೂದು ಚೌಕದ ಜಾಗದಲ್ಲಿ ಇವತ್ತು ಕನಿಷ್ಠ ಆ ಒಂದು ಸಾಲು ಇರುತ್ತಿತ್ತು.

ಹಾಕಿದ ಮೇಲೆ ಬೇರೆಯವರ ಫೋನಿನಲ್ಲಿ, ಇಲ್ಲವೇ ಬ್ರೌಸರಿನ ಗುಪ್ತ ಕಿಟಕಿಯಲ್ಲಿ ತೆರೆದು ನೋಡಿ. ನಮ್ಮ ಖಾತೆಗೆ ಮಾತ್ರ ಕಾಣುವ ಫೋಟೋ ನಮಗೆ ಸರಿಯಾಗೇ ಕಾಣುತ್ತದೆ. ಮೂಲ ಫೈಲನ್ನು ಎರಡು ಕಡೆ ಇಡಿ. ಒಂದು ಮನೆಯ ಹಾರ್ಡ್ ಡಿಸ್ಕಿನಲ್ಲಿ, ಒಂದು ಮನೆಯ ಹೊರಗೆ. ನಮ್ಮ ಮಳೆಗಾಲದ ತೇವಕ್ಕೆ ಡಿಸ್ಕೂ ಕೆಡುತ್ತದೆ.

ಹಳೇ ಬರಹ ಇದ್ದವರಿಗೆ

ನಿಮ್ಮ ಹಳೇ ಬರಹಗಳನ್ನು ಇವತ್ತೇ ಒಮ್ಮೆ ತೆರೆದು ನೋಡಿ. ಫೋಟೋ ಇನ್ನೂ ಕಾಣುತ್ತಿದ್ದರೆ ಕೂಡಲೇ ಇಳಿಸಿಕೊಳ್ಳಿ, ಆ ಪುಟವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಕೊಡಿ. ಅಲ್ಲಿ ಪುಟದ ವಿಳಾಸ ಅಂಟಿಸಿ ಉಳಿಸು ಎಂದರೆ, ಅವತ್ತು ಇದ್ದ ಹಾಗೆ ಒಂದು ಪ್ರತಿ ತೆಗೆದಿಡುತ್ತದೆ. ಹಣ ಇಲ್ಲ. ಫೋಟೋ ಆಗಲೇ ಹೋಗಿದ್ದರೂ ಅಲ್ಲಿ ಹುಡುಕಿ. ಮೊದಲು ಪುಟದ ವಿಳಾಸ ಹಾಕಿ ನೋಡಿ. ಸಿಗದಿದ್ದರೆ ಮುರಿದ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ, ಫೈಲಿನ ವಿಳಾಸವನ್ನೇ ಹಾಕಿ ನೋಡಿ. ಪುಟ ಸಿಗದಿದ್ದರೂ ಚಿತ್ರ ಸಿಕ್ಕಿದ್ದುಂಟು.

ಕಾಪುವಿನ ಮನೆಯ ಎಂಟು ಫೋಟೋಗಳಲ್ಲಿ ನನಗೆ ಹೀಗೆ ಎರಡು ಸಿಕ್ಕಿದವು. ಎರಡೂ ಚಿಕ್ಕವು, 640 ಪಿಕ್ಸೆಲ್ ಅಗಲ. ಒಂದರಲ್ಲಿ ಚಾವಡಿಯ ಪಕ್ಕಾಸುಗಳ ಸಾಲು, ಅದರ ಮೇಲೆ ರೀಪು, ಅದರ ಮೇಲೆ ಹಂಚು. ಇನ್ನೊಂದರಲ್ಲಿ ಅಚ್ಚಿನ ಮೊದಲ ಮೂರು ಅಕ್ಷರ ಓದಬಹುದು.